ಗಡಿ ದಾಟಿದ ಕಡತಗಳು: ಕಾಸರಗೋಡಿನ ಹಳೆಯ ನ್ಯಾಯಾಲಯ ದಾಖಲೆಗಳನ್ನು ಹುಡುಕಿ ಪಡೆಯುವ ಬಗೆ

ನ್ಯಾಯಾಲಯದ ಬಾಗಿಲು ಸಾರ್ವಜನಿಕರಿಗೆ ತೆರೆದಿರಬೇಕೆಂಬುದು ಭಾರತೀಯ ನ್ಯಾಯಪದ್ಧತಿಯ ಮೂಲತತ್ತ್ವಗಳಲ್ಲೊಂದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 153-ಬಿ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 1966ರ ಮಿರಾಜ್‌ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವೂ ಮುಕ್ತ ವಿಚಾರಣೆಯ ಮಹತ್ತ್ವವನ್ನು ಎತ್ತಿಹಿಡಿದಿದೆ. ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿರುವ ಕಡತ ಕೈಗೆ ಬರುವುದಿಲ್ಲ. ಯಾವ ನ್ಯಾಯಾಲಯ, ಯಾವ ಇಸವಿ, ಯಾವ ನಂಬ್ರ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲವರಿಗೆ ಮಾತ್ರ ದಾಖಲೆ ಕೋಣೆಯ ಕಪಾಟು ತೆರೆದುಕೊಳ್ಳುತ್ತದೆ. ರಾಜ್ಯದ ಗಡಿಯೇ ಸರಿದಾಡಿದ ಕಾಸರಗೋಡಿನಂತಹ ಪ್ರದೇಶದಲ್ಲಿ ಈ ಮೂರು ಪ್ರಶ್ನೆಗಳೂ ಚರಿತ್ರೆಯ ಪ್ರಶ್ನೆಗಳಾಗುತ್ತವೆ. ಕಡತ ಸಿಕ್ಕ ಮೇಲೆ ಅದನ್ನು ಓದುವುದು ಭಾಷೆಯ ಪ್ರಶ್ನೆಯಾಗುತ್ತದೆ. ಆದುದರಿಂದ ವಕೀಲರ ಕಸುಬೆಂದು ತೋರುವ ಈ ವಿಷಯದಲ್ಲಿ ಕನ್ನಡ ವಿದ್ಯಾರ್ಥಿಗೂ ಒಂದು ಪಾಲಿದೆ.

ಹಳೆಯ ತೀರ್ಪು ಏಕೆ ಬೇಕು?

ನೂರು ವರ್ಷಗಳ ಹಿಂದಿನ ವ್ಯಾಜ್ಯ ಮುಗಿದುಹೋದ ಕಥೆಯಲ್ಲವೇ ಎಂಬ ಸಂಶಯ ಸಹಜ. ಕಾನೂನಿನ ದೃಷ್ಟಿ ಬೇರೆ. ಒಮ್ಮೆ ಅಂತಿಮವಾಗಿ ತೀರ್ಮಾನವಾದ ವಿಷಯವನ್ನು ಅದೇ ಪಕ್ಷಗಾರರಾಗಲಿ ಅವರ ಮೂಲಕ ಹಕ್ಕು ಪಡೆದವರಾಗಲಿ ಮತ್ತೆ ದಾವೆಗೆ ತರುವಂತಿಲ್ಲವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮು ವಿಧಿಸುತ್ತದೆ. ಅಜ್ಜನ ಕಾಲದ ತೀರ್ಪು ಮೊಮ್ಮಗನನ್ನೂ ಕಟ್ಟಿಹಾಕಬಹುದು, ಅಥವಾ ಕಾಪಾಡಬಹುದು. ತೋಟಕ್ಕೆ ಹೋಗುವ ದಾರಿ, ತೋಡಿನ ನೀರಿನ ಪಾಲು, ದೈವಸ್ಥಾನದ ಆಡಳಿತ, ಕುಟುಂಬದ ಸ್ಥಿರಾಸ್ತಿ ಮೊದಲಾದ ಹಕ್ಕುಗಳಿಗೆ ಒಂದು ಹಳೆಯ ಡಿಕ್ರಿಯೇ ಆಧಾರವಾಗಿರುವುದುಂಟು. ಅದರ ಪ್ರತಿ ಕಳೆದುಹೋದರೆ ಹಕ್ಕು ಅಳಿಯುವುದಿಲ್ಲ. ಅದನ್ನು ಸ್ಥಾಪಿಸುವ ದಾರಿ ಮಾತ್ರ ದುರ್ಗಮವಾಗುತ್ತದೆ.

ಎರಡನೆಯ ಕಾರಣ ಸಾಂಸ್ಕೃತಿಕವಾದುದು. ಸಾಕ್ಷಿಗಳ ಹೇಳಿಕೆ, ಗೇಣಿಚೀಟು, ಪಾಲುಪತ್ರ, ರಾಜಿಪತ್ರಗಳಲ್ಲಿ ಕವಿಗಳೂ ಪಂಡಿತರೂ ಅಲ್ಲದ ಜನರ ಕನ್ನಡ ಗದ್ಯ ಉಳಿದಿದೆ. ಒಕ್ಕಲು, ಯಜಮಾನ, ವಿಧವೆ, ವ್ಯಾಪಾರಿ ಇವರೆಲ್ಲರ ಮಾತು ಬರಹಕ್ಕೆ ಇಳಿದ ಅಪರೂಪದ ತಾಣಗಳಲ್ಲಿ ನ್ಯಾಯಾಲಯವೂ ಒಂದು.

ಮೊದಲನೆಯ ಪ್ರಶ್ನೆ: ಯಾವ ನ್ಯಾಯಾಲಯ?

ಕಾಸರಗೋಡು ಪ್ರದೇಶ 1799ರಲ್ಲಿ ಟಿಪ್ಪುವಿನ ಪತನಾನಂತರ ಈಸ್ಟ್ ಇಂಡಿಯಾ ಕಂಪೆನಿಯ ಕೆನರಾ ಜಿಲ್ಲೆಗೆ ಸೇರಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ದಕ್ಷಿಣ ಕೆನರಾ ಮದರಾಸು ಪ್ರಾಂತ್ಯದಲ್ಲಿಯೇ ಉಳಿಯಿತು. ಅದೇ ವರ್ಷ ಮದರಾಸಿನಲ್ಲಿ ಹೈಕೋರ್ಟು ಸ್ಥಾಪನೆಯಾಯಿತು. 19ನೆಯ ಶತಮಾನದ ಪತ್ರಗಳಲ್ಲಿ ಈ ಸೀಮೆಗೆ ‘ಬೇಕಲ ತಾಲೂಕು’ ಎಂಬ ಹೆಸರು ಕಾಣಿಸಿಕೊಂಡರೆ ಗಾಬರಿಯಾಗಬೇಕಿಲ್ಲ. ಕಾಸರಗೋಡು ತಾಲೂಕೆಂಬ ಹೆಸರು ಅನಂತರದ್ದು.

1956ರ ನವೆಂಬರ್ 1ರವರೆಗೆ ಇಲ್ಲಿನ ಸಿವಿಲ್ ವ್ಯಾಜ್ಯದ ಏಣಿ ಹೀಗಿತ್ತು: ಕೆಳಗೆ ಕಾಸರಗೋಡಿನ ಮುನ್ಸೀಫ್ ಕೋರ್ಟು, ಅದರ ಮೇಲೆ ಮಂಗಳೂರಿನ ಜಿಲ್ಲಾ ನ್ಯಾಯಾಲಯ, ತುದಿಯಲ್ಲಿ ಮದರಾಸು ಹೈಕೋರ್ಟು. ರಾಜ್ಯ ಪುನರ್ವಿಂಗಡಣೆಯ ದಿನ ತಾಲೂಕು ಕೇರಳಕ್ಕೆ ಸೇರಿತು. ಅದೇ ದಿನ ಎರ್ನಾಕುಳಂನಲ್ಲಿ ಕೇರಳ ಹೈಕೋರ್ಟು ಅಸ್ತಿತ್ವಕ್ಕೆ ಬಂದಿತು. 1957ರ ಜನವರಿ 1ರಂದು ಮಲಬಾರ್ ಜಿಲ್ಲೆ ವಿಭಜನೆಗೊಂಡಾಗ ಕಾಸರಗೋಡು ಕಣ್ಣೂರು ಜಿಲ್ಲೆಯ ಭಾಗವಾಯಿತು. ಆ ಜಿಲ್ಲೆಯ ಜಿಲ್ಲಾ ನ್ಯಾಯಾಲಯ ಇರುವುದು ತಲಶ್ಶೇರಿಯಲ್ಲಿ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅದರ ಜಿಲ್ಲಾ ನ್ಯಾಯಾಲಯ ಈಗ ವಿದ್ಯಾನಗರದಲ್ಲಿದೆ. ಹೊಸದುರ್ಗ ಭಾಗದ ನ್ಯಾಯಾಲಯಗಳು ಕಾಞಂಗಾಡಿನಲ್ಲಿವೆ.

ಒಂದೇ ಊರಿನ ಮೂರು ತಲೆಮಾರುಗಳ ವ್ಯಾಜ್ಯಗಳು ಮಂಗಳೂರು, ತಲಶ್ಶೇರಿ, ವಿದ್ಯಾನಗರ ಎಂಬ ಮೂರು ಕಡೆ ಮೇಲ್ಮನವಿಗೆ ಹೋಗಿರಲು ಸಾಧ್ಯವೆಂಬುದು ಇದರಿಂದ ತಿಳಿಯುತ್ತದೆ. 1938ರಲ್ಲಿ ಹೂಡಿದ ದಾವೆಯ ಮೇಲ್ಮನವಿಯನ್ನು ತಲಶ್ಶೇರಿಯಲ್ಲಿ ಹುಡುಕುವುದು ವ್ಯರ್ಥ. 1962ರದ್ದನ್ನು ಮಂಗಳೂರಿನಲ್ಲಿ ಹುಡುಕುವುದೂ ಹಾಗೆಯೇ. ಈ ಅಲೆದಾಟವನ್ನು ತಪ್ಪಿಸುವ ಒಂದು ನಿಯಮವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೆಯ ಆದೇಶದ 37ನೆಯ ನಿಯಮದಂತೆ ಮೇಲ್ಮನವಿಯ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ಪ್ರತಿಯನ್ನು ಮೂಲ ಡಿಕ್ರಿ ನೀಡಿದ ನ್ಯಾಯಾಲಯಕ್ಕೆ ಕಳುಹಿಸಿ, ಮೂಲ ಕಡತದೊಡನೆ ಸೇರಿಸಬೇಕು. ಆದುದರಿಂದ ಹುಡುಕಾಟ ಆರಂಭವಾಗಬೇಕಾದುದು ಏಣಿಯ ಕೆಳಗಿನ ಮೆಟ್ಟಿಲಿನಿಂದ, ಅಂದರೆ ದಾವೆ ಹುಟ್ಟಿದ ನ್ಯಾಯಾಲಯದಿಂದ. ಮೇಲಿನ ತೀರ್ಪಿನ ಪ್ರತಿ ಅಲ್ಲಿಯೇ ದೊರೆತರೆ ಸುಮಾರು 400 ಕಿಲೋಮೀಟರು ದೂರದ ಎರ್ನಾಕುಳಂಗೋ ಅದಕ್ಕೂ ಆಚೆಯ ಚೆನ್ನೈಗೋ ಹೋಗುವ ಶ್ರಮ ಉಳಿಯುತ್ತದೆ.

ಕೋರ್ಟಿನಲ್ಲಿದೆ ಎಂದು ಕುಟುಂಬದವರು ನಂಬಿರುವ ಕಾಗದ ವಾಸ್ತವವಾಗಿ ಕೋರ್ಟಿನದ್ದೇ ಆಗಿರದೆ ಇರಬಹುದು ಎಂಬುದನ್ನೂ ನೆನಪಿಡಬೇಕು. ಕೇರಳ ಭೂಸುಧಾರಣಾ ಕಾಯ್ದೆಯಂತೆ 1970ರ ಜನವರಿ 1ರಂದು ಗೇಣಿಭೂಮಿಯ ಮೇಲಿನ ಧಣಿಗಳ ಹಕ್ಕು ಸರಕಾರಕ್ಕೆ ಸಂದಿತು. ಒಕ್ಕಲುಗಳು ಭೂನ್ಯಾಯಮಂಡಳಿಯಿಂದ ಕ್ರಯಪತ್ರ ಪಡೆದರು. ಆ ಕಡತಗಳು ಕಂದಾಯ ಇಲಾಖೆಗೆ ಸೇರಿದವು. ಕ್ರಯಪತ್ರಕ್ಕಾಗಿ ಮುನ್ಸೀಫ್ ಕೋರ್ಟಿನಲ್ಲಿ ಅರ್ಜಿ ಕೊಟ್ಟರೆ ಸಿಗುವ ಉತ್ತರ ‘ಇಲ್ಲ’ ಎಂಬುದೇ.

ಎರಡನೆಯ ಪ್ರಶ್ನೆ: ಇಸವಿ ಮತ್ತು ನಂಬ್ರ

ಪ್ರತಿ ಸಿವಿಲ್ ನ್ಯಾಯಾಲಯವೂ ದಾವೆಗಳ ದಾಖಲೆ ಪುಸ್ತಕವೊಂದನ್ನು ಇರಿಸಬೇಕು. ಅದರಲ್ಲಿ ದಾವೆಗಳಿಗೆ ವರ್ಷವರ್ಷವೂ ಅನುಕ್ರಮವಾಗಿ ನಂಬ್ರ ಹಾಕಬೇಕು ಎಂದು ಸಂಹಿತೆಯ 4ನೆಯ ಆದೇಶ ಹೇಳುತ್ತದೆ. ‘ಓ.ಎಸ್.’ ಎಂದರೆ ಅಸಲು ದಾವೆ, ‘ಎ.ಎಸ್.’ ಎಂದರೆ ಮೇಲ್ಮನವಿ, ‘ಎಸ್.ಎ.’ ಎಂದರೆ ಎರಡನೆಯ ಮೇಲ್ಮನವಿ, ‘ಇ.ಪಿ.’ ಎಂದರೆ ಡಿಕ್ರಿಯ ಅಮಲ್ಜಾರಿ ಅರ್ಜಿ. ಈ ಅಕ್ಷರ, ನಂಬ್ರ ಮತ್ತು ಇಸವಿ ಸೇರಿದರೆ ಕಡತದ ವಿಳಾಸ ಪೂರ್ಣವಾಗುತ್ತದೆ.

ಇತ್ತೀಚಿನ ಪ್ರಕರಣಗಳಾದರೆ ಇ-ಕೋರ್ಟ್ಸ್ ಸೇವೆಯಲ್ಲಿ ಪಕ್ಷಗಾರರ ಹೆಸರು, ವಕೀಲರ ಹೆಸರು ಅಥವಾ ಪ್ರಕರಣದ ಸಂಖ್ಯೆಯಿಂದ ಹುಡುಕಬಹುದು. ಪ್ರತಿ ಪ್ರಕರಣಕ್ಕೂ ಅಲ್ಲಿ ಸಿ.ಎನ್.ಆರ್. ಎಂಬ 16 ಅಂಕಾಕ್ಷರಗಳ ಗುರುತಿದೆ. ಮೊದಲ ನಾಲ್ಕು ಅಕ್ಷರಗಳು ರಾಜ್ಯ ಮತ್ತು ಜಿಲ್ಲೆಯನ್ನು, ಮುಂದಿನ ಎರಡು ಅಂಕಗಳು ನ್ಯಾಯಾಲಯವನ್ನು, ಆರು ಅಂಕಗಳು ಕ್ರಮಸಂಖ್ಯೆಯನ್ನು, ಕೊನೆಯ ನಾಲ್ಕು ಇಸವಿಯನ್ನು ಸೂಚಿಸುತ್ತವೆ. ಹೆಸರಿನಿಂದ ಹುಡುಕುವಾಗ ಕನ್ನಡ, ತುಳು, ಮಲಯಾಳದ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಹಲವು ಬಗೆಯಾಗಿ ಬರೆದಿರುವುದನ್ನು ಗಮನಿಸಬೇಕು. ಭಟ್ಟ, ಶೆಟ್ಟಿ, ರೈ ಮೊದಲಾದ ಉಪನಾಮಗಳನ್ನು ಬಿಟ್ಟು ಹೆಸರಿನ ಮೊದಲ ಭಾಗವನ್ನಷ್ಟೇ ಕೊಟ್ಟು ನೋಡುವುದು ಒಳ್ಳೆಯದು.

ಇ-ಕೋರ್ಟ್ಸ್ ಯೋಜನೆ ಆರಂಭವಾದುದು 2007ರಲ್ಲಿ. ಅದಕ್ಕೂ ಬಹಳ ಹಿಂದಿನ ದಾವೆಗಳಿಗೆ ಬೇರೆ ದಾರಿಗಳನ್ನು ಹಿಡಿಯಬೇಕು. ಅವುಗಳಲ್ಲಿ ಫಲಕಾರಿಯಾದುದು ಉಪನೋಂದಣಿ ಕಚೇರಿಯ ದಾರಿ. ದಾವೆಯ ಅನಂತರ ಅದೇ ಭೂಮಿಯ ಬಗ್ಗೆ ಆದ ಕ್ರಯಪತ್ರ, ಪಾಲುಪತ್ರ, ಅಡವುಪತ್ರಗಳಲ್ಲಿ ಹಕ್ಕಿನ ಪೂರ್ವೋತ್ತರವನ್ನು ವಿವರಿಸುವಾಗ ಕೋರ್ಟಿನ ಹೆಸರು, ನಂಬ್ರ, ಇಸವಿಗಳನ್ನು ಉಲ್ಲೇಖಿಸುವ ರೂಢಿ ಇದೆ. 1908ರ ನೋಂದಣಿ ಕಾಯ್ದೆಯ 57ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ತೆತ್ತು ಯಾರೂ ನೋಡಬಹುದು, ಪ್ರತಿಯನ್ನೂ ಪಡೆಯಬಹುದು. ಮರಣಶಾಸನಗಳ 3ನೆಯ ಪುಸ್ತಕಕ್ಕೆ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಮನೆಯ ಪೆಟ್ಟಿಗೆಯಲ್ಲಿರುವ ಯಾವುದೇ ಒಂದು ಹಳೆಯ ಪತ್ರವೂ ಹೀಗೆ ಮುಂದಿನ ಪತ್ರಕ್ಕೆ ಕೈಮರವಾಗಬಲ್ಲದು.

ಹೈಕೋರ್ಟಿನವರೆಗೆ ಹೋದ ವ್ಯಾಜ್ಯವಾಗಿದ್ದರೆ ಮುದ್ರಿತ ವರದಿಗಳನ್ನೂ ನೋಡಬೇಕು. ಮದರಾಸು ಹೈಕೋರ್ಟ್ ರಿಪೋರ್ಟ್ಸ್ ಮತ್ತು 1876ರಿಂದ ಹೊರಬಂದ ಇಂಡಿಯನ್ ಲಾ ರಿಪೋರ್ಟ್ಸ್‌ನ ಮದರಾಸು ಸರಣಿಯಲ್ಲಿ ದಕ್ಷಿಣ ಕೆನರಾದ ಪ್ರಕರಣಗಳು ಬೇಕಾದಷ್ಟಿವೆ. ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯನ ಒತ್ತಾಯದ ಮೇರೆಗೆ ಪಾಲು ಮಾಡುವಂತಿಲ್ಲ ಎಂದು ಹೇಳಿದ ಮುಂಡಚೆಟ್ಟಿ ಪ್ರಕರಣ 1863ರದ್ದು. ಆ ಸ್ಥಿತಿಯನ್ನು ಬದಲಿಸಿದ್ದು 1949ರ ಮದರಾಸು ಅಳಿಯಸಂತಾನ ಕಾಯ್ದೆ.

ಕಡತದ ಒಳಗೆ ಏನಿರುತ್ತದೆ?

‘ಕೋರ್ಟಿನ ಕಾಗದ ಬೇಕು’ ಎಂದರೆ ಸಾಲದು. ಯಾವ ಕಾಗದ ಎಂದು ಹೇಳಬೇಕು. ವಾದಿ ಸಲ್ಲಿಸಿದ ದಾವಾಪತ್ರ, ಪ್ರತಿವಾದಿಯ ಲಿಖಿತ ಹೇಳಿಕೆ, ಸಾಕ್ಷಿಗಳ ಹೇಳಿಕೆ, ಹಾಜರುಪಡಿಸಿದ ದಾಖಲೆಗಳು, ಕಾರಣಗಳನ್ನು ವಿವರಿಸುವ ತೀರ್ಪು, ಫಲಿತಾಂಶವನ್ನು ವಿಧಿಬದ್ಧವಾಗಿ ನಿರೂಪಿಸುವ ಡಿಕ್ರಿ, ಇವೆಲ್ಲ ಬೇರೆ ಬೇರೆ. ಹಕ್ಕನ್ನು ಸ್ಥಾಪಿಸಲು ತೀರ್ಪು ಮತ್ತು ಡಿಕ್ರಿ ಎರಡನ್ನೂ ಕೇಳುವುದು ಲೇಸು. ಭೂಮಿಯ ವಿವರಪಟ್ಟಿ ಇರುವುದು ಡಿಕ್ರಿಯಲ್ಲಿ.

ಕೇರಳದ ನ್ಯಾಯಾಲಯಗಳಲ್ಲಿ ವಾದಿಯ ದಾಖಲೆಗಳಿಗೆ ಎ1, ಎ2 ಎಂದೂ ಪ್ರತಿವಾದಿಯವಕ್ಕೆ ಬಿ1, ಬಿ2 ಎಂದೂ ಕಮಿಷನರ ವರದಿ, ನಕ್ಷೆಗಳಿಗೆ ಸಿ1 ಎಂದೂ ಗುರುತು ಹಾಕುತ್ತಾರೆ. ಕರ್ನಾಟಕದಲ್ಲಿ ಪಿ ಮತ್ತು ಡಿ ಅಕ್ಷರಗಳ ರೂಢಿ. ತೀರ್ಪಿನ ಕೊನೆಯಲ್ಲಿರುವ ಈ ಗುರುತುಗಳ ಅನುಬಂಧವನ್ನು ಮೊದಲು ಓದಬೇಕು. ಅದು ಇಡೀ ಕಡತದ ಪರಿವಿಡಿ ಇದ್ದಂತೆ.

ಎಲ್ಲ ಕಾಗದಗಳೂ ಉಳಿದಿರುವುದಿಲ್ಲ. ವ್ಯಾಜ್ಯ ಮುಗಿದು ಮೇಲ್ಮನವಿಯ ಕಾಲ ಕಳೆದ ಮೇಲೆ ಪಕ್ಷಗಾರರು ತಾವು ಹಾಜರುಪಡಿಸಿದ ಅಸಲು ಪತ್ರಗಳನ್ನು ಹಿಂಪಡೆಯಬಹುದು. ಉಳಿದ ಕಾಗದಗಳಲ್ಲಿಯೂ ಹಲವು ವರ್ಗಗಳನ್ನು ನಿಗದಿತ ಅವಧಿಯ ಬಳಿಕ ನಾಶಪಡಿಸಲು ಹೈಕೋರ್ಟಿನ ನಿಯಮಗಳು ಅವಕಾಶ ಕೊಡುತ್ತವೆ. ತೀರ್ಪು ಮತ್ತು ಡಿಕ್ರಿಗಳನ್ನು ದೀರ್ಘಕಾಲ ಕಾಪಾಡುತ್ತಾರೆ. ಸಾಕ್ಷಿಗಳ ಹೇಳಿಕೆಗಳು ಅಷ್ಟು ಭಾಗ್ಯಶಾಲಿಗಳಲ್ಲ. ಭಾಷೆಯ ಅಧ್ಯಯನಕ್ಕೆ ಹೆಚ್ಚು ಬೆಲೆಯುಳ್ಳ ಭಾಗವೇ ಮೊದಲು ನಾಶವಾಗುತ್ತದೆ. ತಡಮಾಡಿದಷ್ಟೂ ನಷ್ಟ.

ಅರ್ಜಿ ಸಲ್ಲಿಸುವ ಕ್ರಮ

1872ರ ಸಾಕ್ಷ್ಯ ಕಾಯ್ದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ 74ನೆಯ ಕಲಮು ನ್ಯಾಯಾಂಗದ ಕಾರ್ಯಗಳ ದಾಖಲೆಯನ್ನು ಸಾರ್ವಜನಿಕ ದಾಖಲೆಯೆನ್ನುತ್ತದೆ. ನೋಡುವ ಹಕ್ಕುಳ್ಳವರಿಗೆ ಶುಲ್ಕ ಪಡೆದು ದೃಢೀಕೃತ ಪ್ರತಿ ಕೊಡಬೇಕೆಂದು 75ನೆಯ ಕಲಮು ಹೇಳುತ್ತದೆ. ಆದರೆ ಕೊಡುವ ವಿಧಾನವನ್ನು ನಿರ್ಣಯಿಸುವುದು ಹೈಕೋರ್ಟಿನ ನಿಯಮಗಳು.

ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ದಾವೆಯ ನಂಬ್ರ ಮತ್ತು ಇಸವಿ, ಪಕ್ಷಗಾರರ ಹೆಸರು, ಬೇಕಾದ ದಾಖಲೆಯ ಹೆಸರು ಮತ್ತು ತಾರೀಕು ಇರಬೇಕು. ಕೋರ್ಟು ಶುಲ್ಕದ ಸ್ಟಾಂಪು ಹಚ್ಚಬೇಕು. ನಕಲು ವಿಭಾಗ ಪುಟಗಳನ್ನು ಲೆಕ್ಕಹಾಕಿ ಎಷ್ಟು ಸ್ಟಾಂಪು ಕಾಗದ ಬೇಕೆಂದು ಸೂಚನಾ ಫಲಕದಲ್ಲಿ ಪ್ರಕಟಿಸುತ್ತದೆ. ಕರೆದ ಅವಧಿಯೊಳಗೆ ಅದನ್ನು ಒಪ್ಪಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ದೂರದ ಊರಿನಿಂದ ಬರುವವರು ಎಡವುವುದು ಇಲ್ಲಿಯೇ. ಅರ್ಜಿ ಕೊಟ್ಟು ಮನೆಗೆ ಮರಳಿ ಅಂಚೆಗಾಗಿ ಕಾಯುವವರಿಗೆ ಫಲಕದ ಸೂಚನೆ ಕಾಣುವುದಿಲ್ಲ. ಅರ್ಜಿ ಕೊಟ್ಟ ದಿನವೇ ನಕಲು ಅರ್ಜಿಯ ಸಂಖ್ಯೆಯನ್ನು ಬರೆದುಕೊಂಡು, ಫಲಕವನ್ನು ನೋಡುವ ಏರ್ಪಾಡು ಮಾಡಿಕೊಳ್ಳಬೇಕು. ಪ್ರತಿಯ ಕೊನೆಯಲ್ಲಿ ಅರ್ಜಿಯ ದಿನ, ಸ್ಟಾಂಪು ಕರೆದ ದಿನ, ಒಪ್ಪಿಸಿದ ದಿನ, ಪ್ರತಿ ಸಿದ್ಧವಾದ ದಿನ ಇವೆಲ್ಲ ನಮೂದಾಗಿರುತ್ತವೆ. ಇದು ಅಲಂಕಾರಕ್ಕಲ್ಲ. ಮೇಲ್ಮನವಿಯ ಕಾಲಮಿತಿಯನ್ನು ಎಣಿಸುವಾಗ ಪ್ರತಿ ಪಡೆಯಲು ತಗಲಿದ ಕಾಲವನ್ನು ಕಳೆಯಬೇಕೆಂದು 1963ರ ಕಾಲಮಿತಿ ಕಾಯ್ದೆಯ 12ನೆಯ ಕಲಮು ಹೇಳುವುದರಿಂದ ಆ ತಾರೀಕುಗಳಿಗೆ ಬೆಲೆಯಿದೆ.

ದಾವೆಯ ಪಕ್ಷಗಾರರಿಗೆ ಪ್ರತಿ ಪಡೆಯುವುದು ಸುಲಭ. ಹೊರಗಿನವರು, ಸಂಶೋಧಕರನ್ನೂ ಒಳಗೊಂಡಂತೆ, ಏಕೆ ಬೇಕೆಂದು ಕಾರಣ ತಿಳಿಸಬೇಕು. ಅದಕ್ಕೆ ಪ್ರಮಾಣಪತ್ರವನ್ನೂ ಜೋಡಿಸಬೇಕಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕಾರಣ ಹೇಳಬೇಕಿಲ್ಲವಾದುದರಿಂದ ಆ ದಾರಿಯನ್ನೇ ಹಿಡಿಯಬಾರದೇಕೆ ಎಂಬ ಪ್ರಶ್ನೆಗೆ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಉತ್ತರಿಸಿದೆ. ಹೈಕೋರ್ಟಿನ ನಿಯಮಗಳಲ್ಲಿ ಪ್ರತಿ ಪಡೆಯುವ ವ್ಯವಸ್ಥೆ ಇರುವಾಗ ನ್ಯಾಯಾಂಗ ದಾಖಲೆಗಳಿಗೆ ಆ ವ್ಯವಸ್ಥೆಯನ್ನೇ ಅನುಸರಿಸಬೇಕು ಎಂಬುದು ಅದರ ಸಾರ. ಕಂದಾಯ ಇಲಾಖೆಯ ವಶದಲ್ಲಿರುವ ದಾಖಲೆಗಳ ಮಟ್ಟಿಗೆ ಮಾಹಿತಿ ಹಕ್ಕಿನ ದಾರಿಯೂ ತೆರೆದಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಮುಕ್ತತೆಗೆ ಮಿತಿಗಳೂ ಇವೆ. ಲೈಂಗಿಕ ಅಪರಾಧಗಳ ಸಂತ್ರಸ್ತರ ಗುರುತು, ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳು, ಗೋಪ್ಯವಾಗಿ ನಡೆಸುವ ವೈವಾಹಿಕ ವಿಚಾರಣೆ ಇವುಗಳಿಗೆ ಕಾನೂನಿನ ರಕ್ಷಣೆಯಿದೆ. ಹಳೆಯ ಕಡತದಲ್ಲಿ ಕಂಡ ಕುಟುಂಬಕಲಹವನ್ನು ಊರಿನಲ್ಲಿ ಬಿತ್ತರಿಸದಿರುವುದು ಅಧ್ಯಯನದ ಮರ್ಯಾದೆ.

ಭಾಷೆಯ ಪ್ರಶ್ನೆ

ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ರಾಜ್ಯ ಸರಕಾರದೊಡನೆಯೂ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆಯೂ ತಮ್ಮ ಭಾಷೆಯಲ್ಲಿಯೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಅವಕಾಶ ಕಲ್ಪಿಸಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಆದುದರಿಂದ ಗ್ರಾಮ ಕಚೇರಿ, ತಾಲೂಕು ಕಚೇರಿಗಳಲ್ಲಿ ಕನ್ನಡದಲ್ಲಿ ಅರ್ಜಿ ಸಲ್ಲಿಸುವುದು ಯಾರ ಔದಾರ್ಯವೂ ಅಲ್ಲ. ನ್ಯಾಯಾಲಯದ ಭಾಷೆಯ ಪ್ರಶ್ನೆ ಬೇರೆ; ಅದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೆಯ ಕಲಮು ನಿಯಂತ್ರಿಸುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ಬರೆದ ಅರ್ಜಿ ಬೇಗನೆ ಮುಂದುವರಿಯುತ್ತದೆ.

ಹೀಗೆ ಅರ್ಜಿ ಇಂಗ್ಲಿಷಿನದಾದರೂ ಕೈಗೆ ಬರುವ ಹಳೆಯ ಕಾಗದ ಕನ್ನಡದ್ದಾಗಿರುತ್ತದೆ. ದಕ್ಷಿಣ ಕೆನರಾದ ಕೋರ್ಟು ಕಚೇರಿಗಳ ದೇಶಭಾಷೆ ಕನ್ನಡವಾಗಿತ್ತು. ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ ಯಾವುದಿದ್ದರೂ ಪತ್ರ ಬರೆಯುತ್ತಿದ್ದುದು ಕನ್ನಡದಲ್ಲಿ. ಮಲಯಾಳ ಮಾಧ್ಯಮದಲ್ಲಿ ಕಲಿತ ಸಿಬ್ಬಂದಿಗೂ ಮಲಯಾಳ ಮನೆತನದ ವಾರಸುದಾರರಿಗೂ ಈ ಪತ್ರ ಇಂದು ಮುಚ್ಚಿದ ಪುಸ್ತಕ. ಕನ್ನಡ ಬಲ್ಲವರಿಗೂ ಅದು ಸಲೀಸಲ್ಲ. ಮೋಡಿಯಂತೆ ಕೂಡಿಕೊಂಡ ಕೈಬರಹ, ವಿರಾಮಚಿಹ್ನೆಯಿಲ್ಲದ ಉದ್ದ ವಾಕ್ಯ, ಕನ್ನಡ ಅಂಕಿಗಳು ಓದುಗರನ್ನು ತಡೆಯುತ್ತವೆ.

ಪದಗಳಿಗೂ ತಯಾರಿ ಬೇಕು. ‘ಮೂಲಗೇಣಿ’ ಎಂದರೆ ಶಾಶ್ವತ ಗೇಣಿ. ‘ಚಾಲಗೇಣಿ’ ಎಂದರೆ ಧಣಿಯ ಇಚ್ಛೆಗೊಳಪಟ್ಟು ವರ್ಷವರ್ಷಕ್ಕೆ ನಡೆಯುವ ಗೇಣಿ. ಈ ಒಂದು ಪದದ ಮೇಲೆ ಒಂದು ಕುಟುಂಬದ ನೆಲೆಯೇ ನಿಂತಿತ್ತು. ‘ವರ್ಗ’ ಎಂದರೆ ಕಂದಾಯಕ್ಕೊಳಪಟ್ಟ ಹಿಡುವಳಿ; ಅದರ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಮೀನಿನಲ್ಲಿ ಸೊಪ್ಪು, ಸೌದೆ ಪಡೆಯುವ ಸೌಲಭ್ಯ ‘ಕುಮ್ಕಿ’. ‘ಬೈಲು’, ‘ಮಜಲು’, ‘ಬೆಟ್ಟು’ ಎಂಬವು ನೀರಿನ ಅನುಕೂಲಕ್ಕೆ ತಕ್ಕ ಗದ್ದೆಯ ದರ್ಜೆಗಳು. ಗೇಣಿಯ ಲೆಕ್ಕ ‘ಮುಡಿ’ ಅಕ್ಕಿಯಲ್ಲಿ. ಅಳಿಯಸಂತಾನ ಕುಟುಂಬದ ಕವಲಿಗೆ ‘ಕವರು’ ಎಂಬ ಹೆಸರು.

ಕಾಲಗಣನೆ ಇನ್ನೊಂದು ತೊಡಕು. ಕಂದಾಯದ ಕಾಗದಗಳಲ್ಲಿ ಬರುವ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಅದು ಆರಂಭವಾಗುವ ಕ್ರಿಸ್ತಶಕ ಸಿಗುತ್ತದೆ. 1348ನೆಯ ಫಸಲಿ ಎಂದರೆ 1938ರ ಜುಲೈಯಿಂದ 1939ರ ಜೂನ್‌ವರೆಗೆ. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷಗಳ ಚಕ್ರವನ್ನು ಮರೆಯಬಾರದು. ಬಹುಧಾನ್ಯ ಸಂವತ್ಸರ 1938–39ರಲ್ಲಿ ಬಂದಂತೆ 1878–79ರಲ್ಲಿಯೂ ಬಂದಿತ್ತು. ಇಸವಿ ತಪ್ಪಿದರೆ ನಂಬ್ರ ತಪ್ಪುತ್ತದೆ. ನಂಬ್ರ ತಪ್ಪಿದರೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ.

ಇತರ ಗಡಿಸೀಮೆಗಳಲ್ಲಿ

ಇದೇ ವಿಧಾನ ಉಳಿದ ಗಡಿನಾಡುಗಳಿಗೂ ಸಲ್ಲುತ್ತದೆ; ನ್ಯಾಯಾಲಯದ ವಂಶವೃಕ್ಷ ಮಾತ್ರ ಬೇರೆ. ಅದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅಲ್ಲಿನ ಹುಡುಕಾಟ ಬಳ್ಳಾರಿಯನ್ನು ಬಿಟ್ಟು ನಡೆಯದು. ಅಕ್ಕಲಕೋಟೆ ಮತ್ತು ಜತ್ತ 1948ರಲ್ಲಿ ಮುಂಬಯಿ ಪ್ರಾಂತ್ಯದೊಡನೆ ವಿಲೀನವಾಗುವವರೆಗೆ ಸಂಸ್ಥಾನಗಳಾಗಿದ್ದವು. ಅಲ್ಲಿ ಸಂಸ್ಥಾನದ ದಫ್ತರಿನ ಜಾಡನ್ನೂ ಹಿಡಿಯಬೇಕು.

ಕಡತವೊಂದನ್ನು ಪಡೆದವರು ನಾಲ್ಕು ವಿವರಗಳನ್ನು ತಪ್ಪದೆ ಬರೆದಿಡಬೇಕು: ನ್ಯಾಯಾಲಯ, ನಂಬ್ರ ಮತ್ತು ಇಸವಿ, ಗ್ರಾಮ ಮತ್ತು ಸರ್ವೆ ನಂಬ್ರ, ಉಳಿದಿರುವ ಕಾಗದಗಳ ಪಟ್ಟಿ. ಕನ್ನಡದ ಪತ್ರವಿದ್ದರೆ ಅದರ ಅಕ್ಷರಶಃ ನಕಲನ್ನೂ ಕಠಿಣ ಪದಗಳ ಅರ್ಥವನ್ನೂ ಜೋಡಿಸಬೇಕು. ವಿದ್ಯಾರ್ಥಿಯೊಬ್ಬರು ವರ್ಷಕ್ಕೆ ಇಂತಹ ಒಂದು ಪತ್ರವನ್ನು ಓದಿ ಬರೆದಿಟ್ಟರೂ ವಿಭಾಗದಲ್ಲಿ ಕ್ರಮೇಣ ಒಂದು ಸೂಚಿ ಬೆಳೆಯುತ್ತದೆ. ಆಗ ಹಕ್ಕಿನ ಪತ್ರ ಹಿಡಿದುಕೊಂಡು ಓದುವವರನ್ನು ಹುಡುಕುತ್ತ ಬರುವ ಊರಿನವರಿಗೆ, ಅವರ ಮನೆಮಾತು ಯಾವುದೇ ಇರಲಿ, ಕನ್ನಡ ವಿಭಾಗವೇ ಮೊದಲ ವಿಳಾಸವಾಗುತ್ತದೆ.